ಬಿಚ್ಚದ ಎಂಜಿನ್ನೆಂಬ ಮಿಥ್ಯೆ

ಹಳೆಯ ಮೋಟಾರು ಕಾರನ್ನು ಮಾರುವವನ ಬಾಯಿಂದ ಮೊಟ್ಟಮೊದಲು ಹೊರಡುವ ಮಾತೂ, ಕೊಳ್ಳಬಂದವನ ಕಿವಿಗೆ ಉಳಿದೆಲ್ಲ ಮಾತುಗಳಿಗಿಂತ ಹಿತವಾಗಿ ಬೀಳುವ ಮಾತೂ ನಮ್ಮ ನಾಡಿನಲ್ಲಿ ಒಂದೇ: "ಎಂಜಿನ್ ಬಿಚ್ಚಿಲ್ಲ ಸಾರ್, ಕಂಪನಿ ಎಂಜಿನ್ ಹಾಗೇ ಇದೆ." ಬೆಂಗಳೂರಿನ ದಲ್ಲಾಳಿ ಹೇಳುವುದೂ ಇದನ್ನೇ, ದಾವಣಗೆರೆಯ ದಲ್ಲಾಳಿ ಹೇಳುವುದೂ ಇದನ್ನೇ, ಬಣ್ಣ ಮಾಸಿದ್ದರೂ, ಬಾಗಿಲ ಅಂಚು ತುಕ್ಕು ಹಿಡಿದಿದ್ದರೂ, ಟೈರು ಸವೆದು ನುಣ್ಣಗಾಗಿದ್ದರೂ ಈ ಒಂದು ವಾಕ್ಯದ ಬಲದಿಂದ ವ್ಯಾಪಾರ ಕುದುರಿಬಿಡುತ್ತದೆ. ಇದಕ್ಕೆ ವಿರುದ್ಧವಾಗಿ, ಎಂಜಿನ್ನನ್ನು ಸಕಾಲದಲ್ಲಿ ಇಳಿಸಿ, ಸಿಲಿಂಡರಿನ ಸವೆದ ಒಳಗೋಡೆಯನ್ನು ಕೊರೆದು ದುಂಡಾಗಿಸುವ ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ನು ಕೂರಿಸಿ, ಅದರ ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವ ಪ್ರಾಮಾಣಿಕನಾದ ಮಾಲೀಕನು ಆ ಸಂಗತಿಯನ್ನು ಬಾಯಿಬಿಟ್ಟು ಹೇಳಿದನೆಂದರೆ ಕೊಳ್ಳುವವನ ಮುಖ ಸಣ್ಣದಾಗುತ್ತದೆ, "ಓ, ಎಂಜಿನ್ ಕೆಲಸ ಆಗಿದೆಯಾ?" ಎಂಬ ಉದ್ಗಾರ ಹೊರಡುತ್ತದೆ, ಆ ಉದ್ಗಾರದೊಡನೆ ಬೆಲೆಯೂ ಇಳಿಯುತ್ತದೆ.

ಅಜ್ಞಾನದಿಂದ ಹುಟ್ಟಿ, ವ್ಯಾಪಾರದ ಅನುಕೂಲದಿಂದ ಬೆಳೆದು, ಈಗ ಯಾರೂ ವಿಚಾರಿಸದೆಯೇ ಒಪ್ಪಿಕೊಳ್ಳತಕ್ಕ ಸತ್ಯದ ಪದವಿಗೇರಿರುವ ಈ ನಂಬಿಕೆಯನ್ನು ಖಂಡಿಸುವುದೇ ನನ್ನ ಉದ್ದೇಶ. ಕಾರ್ಖಾನೆಯಿಂದ ಬಂದಂತೆ ಬಿಚ್ಚದೆ ಉಳಿಸಿಕೊಂಡ ಎಂಜಿನ್ನು ಶ್ರೇಷ್ಠ, ಬಿಚ್ಚಿ ಪುನಃ ಕಟ್ಟಿದ ಎಂಜಿನ್ನು ಕನಿಷ್ಠ ಎಂಬ ಈ ಅಭಿಪ್ರಾಯವು ಯಂತ್ರಶಾಸ್ತ್ರದ ದೃಷ್ಟಿಯಿಂದ ಸುಳ್ಳು, ಮಾಲೀಕನಿಗೆ ನಷ್ಟ, ಕೊಳ್ಳುವವನಿಗೆ ಮೋಸ, ಕುಶಲಕರ್ಮಿಗೆ ಅವಮಾನ, ನಾವೆಲ್ಲರೂ ಉಸಿರಾಡುವ ಗಾಳಿಗೆ ವಿಷ.

ಮೊದಲು ಸುಳ್ಳಿನ ಮಾತನ್ನೇ ತೆಗೆದುಕೊಳ್ಳೋಣ. "ಹಾಗೇ ಇದೆ" ಎಂದರೆ ಯಾವುದು ಹಾಗೆಯೇ ಇದೆ? ಮಾರುತಿ 800 ಕಾರು 1983ರ ಡಿಸೆಂಬರಿನಿಂದ 2014ರವರೆಗೆ ನಮ್ಮ ಮಧ್ಯಮವರ್ಗದ ಮನೆಮನೆಯನ್ನೂ ಹೊಕ್ಕಿತಷ್ಟೆ; ಅದರ 796 ಸಿ.ಸಿ. ಎಂಜಿನ್ನಿನ ಮೂರು ಸಿಲಿಂಡರುಗಳು ಕಾರ್ಖಾನೆಯನ್ನು ಬಿಟ್ಟ ದಿನ 68.5 ಮಿಲಿಮೀಟರು ವ್ಯಾಸದ ಶುದ್ಧ ವೃತ್ತಗಳಾಗಿದ್ದವು. ಲಕ್ಷಾಂತರ ಕಿಲೋಮೀಟರು ಓಡಿದ ಮೇಲೆ ಅವು ವೃತ್ತಗಳಾಗಿಯೂ ಉಳಿದಿರುವುದಿಲ್ಲ, ಮೇಲಿನಿಂದ ಕೆಳಗೆ ಒಂದೇ ಅಳತೆಯವಾಗಿಯೂ ಉಳಿದಿರುವುದಿಲ್ಲ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿಯೊಂದು ಪಿಸ್ಟನ್ನೂ ನಿಮಿಷಕ್ಕೆ 3,000 ಬಾರಿ ಮೇಲಿನ ಕೊನೆಗೆ ಬಂದು ಕ್ಷಣಮಾತ್ರ ನಿಂತು ಹಿಂದಿರುಗುತ್ತದೆ. ಚಲನೆ ಇರುವಷ್ಟು ಕಾಲ ಪಿಸ್ಟನ್ನನ್ನು ಸುತ್ತಿದ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ನಿಂತು ಕಾಯುತ್ತಿದ್ದ ಎಣ್ಣೆಯ ಪೊರೆ, ಆ ನಿಲುಗಡೆಯ ಕ್ಷಣದಲ್ಲಿ, ಅದೂ ಉರಿಯುವ ಅನಿಲದ ಶಾಖ ಮತ್ತು ಒತ್ತಡ ಅತ್ಯಧಿಕವಾಗಿರುವ ಜಾಗದಲ್ಲಿಯೇ, ಹರಿದುಹೋಗಿ ಲೋಹಕ್ಕೆ ಲೋಹ ತಾಕುತ್ತದೆ. ಆದುದರಿಂದ ಸಿಲಿಂಡರಿನ ಸವೆತ ಮೇಲ್ಭಾಗದಲ್ಲಿ ಹೆಚ್ಚು, ಕೆಳಭಾಗದಲ್ಲಿ ಕಡಿಮೆ. ಪಿಸ್ಟನ್ನು ಒರಗಿ ಒತ್ತುವ ಪಾರ್ಶ್ವದಲ್ಲಿ ಹೆಚ್ಚು, ಉಳಿದೆಡೆ ಕಡಿಮೆ. ನಮ್ಮ ರಸ್ತೆಗಳ ಧೂಳು ಹಳೆಯ ಏರ್ ಫಿಲ್ಟರನ್ನು ದಾಟಿ ಒಳಹೊಕ್ಕಾಗ ಈ ಸವೆತಕ್ಕೆ ಮರಳುಕಾಗದದ ಬಲ ಬರುತ್ತದೆ. ವ್ಯಾಸವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಹಿಗ್ಗಿದರೆ ರಿಂಗಿನ ಎರಡು ತುದಿಗಳ ನಡುವಣ ಸಂದು ಅದರ ಮೂರು ಪಟ್ಟಿಗಿಂತ ಹೆಚ್ಚಾಗಿ ತೆರೆದುಕೊಳ್ಳುತ್ತದೆ, ಏಕೆಂದರೆ ವೃತ್ತದ ಪರಿಧಿ ಹಿಗ್ಗುವ ಪ್ರಮಾಣವೇ ಅಷ್ಟು. ಆ ಸಂದಿನಿಂದ ಉರಿದ ಅನಿಲ ಕೆಳಗಿಳಿದು ಎಣ್ಣೆಯನ್ನು ಕೆಡಿಸುತ್ತದೆ, ಎಣ್ಣೆ ಮೇಲೇರಿ ಉರಿದು ನೀಲಿ ಹೊಗೆಯಾಗುತ್ತದೆ, ಕೆಟ್ಟ ಎಣ್ಣೆ ಕ್ರ್ಯಾಂಕಿನ ಬೇರಿಂಗುಗಳನ್ನು ತಿನ್ನುತ್ತದೆ. ಇಷ್ಟೆಲ್ಲ ಆದ ಮೇಲೂ ಯಾರೂ ಸ್ಪ್ಯಾನರು ಹಾಕಲಿಲ್ಲವೆಂಬ ಏಕಮಾತ್ರ ಕಾರಣಕ್ಕೆ ಅದನ್ನು "ಕಂಪನಿ ಎಂಜಿನ್" ಎಂದು ಕರೆಯುವುದು ಯಾವ ನ್ಯಾಯ? ಕಂಪನಿ ಕೊಟ್ಟ ಅಳತೆ ಅದರಲ್ಲಿ ಎಲ್ಲಿ ಉಳಿದಿದೆ? ಆ ಶುದ್ಧ ವೃತ್ತವನ್ನೂ ಭಾಗಭಾಗಗಳ ನಡುವಣ ಸರಿಯಾದ ಸಂದನ್ನೂ ಎಂಜಿನ್ನಿಗೆ ಹಿಂದಿರುಗಿಸಬಲ್ಲ ಉಪಾಯ ಪುನರ್ನಿರ್ಮಾಣ ಒಂದೇ. ಮೂಲಸ್ಥಿತಿಯ ಮೇಲೆ ಯಾರಿಗಾದರೂ ನಿಜವಾದ ಗೌರವವಿದ್ದರೆ ಆ ಗೌರವ ಅವನನ್ನು ಬೋರಿಂಗ್ ಅಂಗಡಿಯ ಬಾಗಿಲಿಗೆ ಕರೆದೊಯ್ಯಬೇಕೇ ಹೊರತು ಅಲ್ಲಿಂದ ದೂರ ಓಡಿಸಬಾರದು.

ಕಾರ್ಖಾನೆಯವರೇ ಈ ಮಿಥ್ಯೆಯನ್ನು ಎಂದೂ ನಂಬಿದವರಲ್ಲ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಾದ ಅಂಬಾಸಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನು ನೋಡಿ. ಬ್ರಿಟಿಷ್ ಮೂಲದ ಆ ಎಂಜಿನ್ನಿಗೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಥೌ, ಅಂದರೆ ಅಂಗುಲದ ಸಾವಿರದ ಅಷ್ಟಷ್ಟು ಪಾಲು, ದೊಡ್ಡ ಅಳತೆಯ ಪಿಸ್ಟನ್ನುಗಳು ದೊರೆಯುತ್ತಿದ್ದವು; ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿದಷ್ಟಕ್ಕೂ ಸರಿಯಾಗಿ ಸಣ್ಣ ಅಳತೆಯ ಬೇರಿಂಗುಗಳು ದೊರೆಯುತ್ತಿದ್ದವು. ಮಾರುತಿ 800ಕ್ಕೆ 0.25 ಮತ್ತು 0.50 ಮಿಲಿಮೀಟರು ಓವರ್‌ಸೈಜಿನ ಪಿಸ್ಟನ್ನುಗಳುಂಟು. ಇವನ್ನು ಯಾರೋ ಗಲ್ಲಿಯ ಮೆಕ್ಯಾನಿಕನು ತನ್ನ ಬುದ್ಧಿಯಿಂದ ಕಲ್ಪಿಸಿಕೊಂಡನೆ? ಎಂಜಿನ್ನಿಗೆ ರೂಪ ಕೊಟ್ಟವರೇ ಅದರ ಸಿಲಿಂಡರಿನ ಗೋಡೆಯಲ್ಲಿ ಇಷ್ಟು ಬಾರಿ ಕೊರೆಯಬಹುದಾದ ಲೋಹವನ್ನು ಬುದ್ಧಿಪೂರ್ವಕವಾಗಿ ಉಳಿಸಿದರು. ಯಾವ ಅಳತೆಯವರೆಗೆ ಸವೆತವನ್ನು ಸಹಿಸಬಹುದು, ಯಾವ ಅಳತೆಯ ಆಚೆಗೆ ಬಿಚ್ಚಲೇಬೇಕು ಎಂಬುದನ್ನು ವರ್ಕ್‌ಶಾಪ್ ಪುಸ್ತಕದಲ್ಲಿ ಅಚ್ಚುಹಾಕಿದರು. ಹುಟ್ಟಿಸಿದವನೇ ಪುನರ್ಜನ್ಮಕ್ಕೆ ಅವಕಾಶವಿಟ್ಟಿರುವಾಗ, ಕೊಂಡವನು ಮಾತ್ರ ಅದನ್ನು ಕಳಂಕವೆಂದು ತಿಳಿಯುವುದು ಎಂಥ ವಿವೇಕ?

ಈ ಅವಿವೇಕದ ಬೆಲೆಯನ್ನು ತೆರುವವರು ಯಾರೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ತಿಪಟೂರಿನ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರ ಮಾರುತಿ 800, ಏರಿನಲ್ಲಿ ಪಿಕಪ್ ಕಳೆದುಕೊಂಡು, ಹಿಂದೆ ನೀಲಿ ಹೊಗೆ ಬಿಡತೊಡಗಿ ಬಹಳ ಕಾಲವಾಗಿತ್ತು. ಅವರ ಪರಿಚಿತರೆಲ್ಲರೂ ಕೊಟ್ಟ ಬುದ್ಧಿವಾದ ಒಂದೇ: "ಒಂದು ಸಲ ಬಿಚ್ಚಿದರೆ ಮುಗಿಯಿತು ಮೇಷ್ಟ್ರೇ, ಕಂಪನಿ ಫಿಟಿಂಗ್ ಮತ್ತೆ ಬರುವುದಿಲ್ಲ, ಓಡುವಷ್ಟು ದಿನ ಓಡಲಿ ಬಿಡಿ." ಪಾಪ, ಅವರು ಡಿಕ್ಕಿಯಲ್ಲಿ ಎಣ್ಣೆಯ ಡಬ್ಬಿಯನ್ನಿಟ್ಟುಕೊಂಡು, ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ತುಂಬಿಸುತ್ತ, ಕಾರನ್ನು ನಡೆಸಿದರು. ಕೊನೆಗೆ ಎಂಜಿನ್ನಿನ ತಳದಿಂದ ಗುದ್ದುವ ಸದ್ದು ಏಳತೊಡಗಿದ ಮೇಲೆ ಗತ್ಯಂತರವಿಲ್ಲದೆ ಅದನ್ನು ಇಳಿಸಿ ಬಿಚ್ಚಿದಾಗ ನಾನು ಅಲ್ಲಿದ್ದೆ. ಹೆಡ್ ತೆಗೆದ ಮೇಲೆ ಸಿಲಿಂಡರಿನ ಬಾಯಿಯ ಹತ್ತಿರ, ರಿಂಗು ಮುಟ್ಟದೆ ಉಳಿದ ಲೋಹವು ದಂಡೆಯಂತೆ ಎದ್ದು ನಿಂತಿತ್ತು. ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದರೆ ಅಲ್ಲಿ ತಟ್ಟನೆ ಸಿಕ್ಕಿಕೊಳ್ಳುತ್ತಿತ್ತು. ಉಸ್ತಾದನು ಹಳೆಯ ರಿಂಗೊಂದನ್ನು ಬಟ್ಟೆಯಿಂದ ಒರಸಿ, ಸಿಲಿಂಡರಿನೊಳಕ್ಕೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ಮೆಲ್ಲಗೆ ತಳ್ಳಿ ಸಮಮಾಡಿ, ಅದರ ಸಂದಿಗೆ ಫೀಲರ್ ಗೇಜಿನ ಎಲೆಗಳನ್ನು ಒಂದೊಂದಾಗಿ ತೂರಿಸಿದ. ಹೊಸತರಲ್ಲಿ ಮಿಲಿಮೀಟರಿನ ಕಾಲುಭಾಗದಷ್ಟಿರಬೇಕಾದ ಆ ಸಂದಿನಲ್ಲಿ ಒಂದು ಮಿಲಿಮೀಟರಿನ ಎಲೆಯೂ ಅಡೆತಡೆಯಿಲ್ಲದೆ ಆಡಿತು. ಬಿಗ್‌ಎಂಡ್ ಬೇರಿಂಗಿನ ಬೂದುಬಣ್ಣದ ಮೇಲ್ಪದರ ಪೂರ್ತಿಯಾಗಿ ಸವೆದು ಒಳಗಿನ ತಾಮ್ರದ ಕೆಂಪು ಕಾಣುತ್ತಿತ್ತು. ಕ್ರ್ಯಾಂಕಿನ ಮೇಲೆ ಗೀರುಗಳೆದ್ದಿದ್ದವು. "ಗುದ್ದು ಶುರುವಾಗುವ ಮೊದಲೇ ತಂದಿದ್ದರೆ ಬೋರು, ಬೇರಿಂಗಿನಲ್ಲಿ ಮುಗಿದುಹೋಗುತ್ತಿತ್ತು ಮೇಷ್ಟ್ರೇ, ಈಗ ಕ್ರ್ಯಾಂಕೂ ಗ್ರೈಂಡಿಂಗ್ ಆಗಬೇಕು" ಎಂದು ಅವನು ಹೇಳಿದಾಗ ಆ ವೃದ್ಧರು ತಲೆ ತಗ್ಗಿಸಿಕೊಂಡು ನಿಂತದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅವರು ಮಾಡಿದ ತಪ್ಪಾದರೂ ಏನು? ಊರೆಲ್ಲ ನಂಬಿದ್ದನ್ನು ತಾವೂ ನಂಬಿದ್ದು ಮಾತ್ರ. ಕೆಲಸವೆಲ್ಲ ಮುಗಿದು ಕಾರು ಹೊಗೆಯಿಲ್ಲದೆ ಓಡತೊಡಗಿದ ಮೇಲೆ ಅವರಿಗಾದ ಅನ್ಯಾಯದ ಪಾತ್ರೆ ತುಂಬಿತು: ಕೊಳ್ಳಲು ಬಂದವನೊಬ್ಬನು, ಎಂಜಿನ್ ಕೆಲಸವಾಗಿದೆಯೆಂದು ಕೇಳಿದೊಡನೆಯೇ, ಅದೇ ಬೀದಿಯಲ್ಲಿ ಹೊಗೆಯುಗುಳುತ್ತಿದ್ದ ಇನ್ನೊಂದು ಬಿಚ್ಚದ ಕಾರಿಗಿಂತ ಕಡಿಮೆ ಬೆಲೆಗೆ ಇದನ್ನು ಕೇಳಿದ.

ಸತ್ಯ ಹೇಳಿದವನಿಗೆ ದಂಡ, ಮುಚ್ಚಿಟ್ಟವನಿಗೆ ಬಹುಮಾನ ಎಂಬ ಇಂಥ ಪೇಟೆಯಲ್ಲಿ ಏನು ಬೆಳೆದೀತು? ವಂಚನೆಯಲ್ಲದೆ ಬೇರೆ ಬೆಳೆ ಅಲ್ಲಿ ಬರಲಾರದು. ಸವೆದ ಎಂಜಿನ್ನನ್ನು ಮಾರುವ ಮುನ್ನ ಅದರಲ್ಲಿರುವ ತೆಳುವಾದ ಎಣ್ಣೆಯನ್ನು ಬಸಿದು ದಪ್ಪ ಎಣ್ಣೆಯನ್ನು ತುಂಬಿಸುವುದು, ಕೆಲವು ದಿನಗಳ ಮಟ್ಟಿಗೆ ಹೊಗೆಯನ್ನೂ ಸದ್ದನ್ನೂ ಅಡಗಿಸುವ ಡಬ್ಬಿಯ ದ್ರವಗಳನ್ನು ಸುರಿಯುವುದು, ಗಿರಾಕಿ ಬರುವ ಹೊತ್ತಿಗೆ ಎಂಜಿನ್ನನ್ನು ಮೊದಲೇ ಬಿಸಿಮಾಡಿ ಇಡುವುದು, ಹೆಡ್ ತೆಗೆದ ಗುರುತು ಕಾಣದಂತೆ ಬೋಲ್ಟುಗಳಿಗೆ ಹಳೆಯ ಎಣ್ಣೆಯ ಜಿಡ್ಡು ಬಳಿಯುವುದು, ಇವೆಲ್ಲ ದಲ್ಲಾಳಿಗಳ ಲೋಕದಲ್ಲಿ ಗುಟ್ಟಾಗಿ ಉಳಿದಿಲ್ಲ. ಗಮನಿಸಿ: ಒಳ್ಳೆಯ ಕೆಲಸ ಮಾಡಿಸಿದವನು ಕೂಡ ಅದನ್ನು ಬಚ್ಚಿಡುವಂತೆ ನಾವು ಮಾಡಿದ್ದೇವೆ. ಬೋರಿಂಗ್ ಅಂಗಡಿಯ ಬಿಲ್ಲನ್ನು ಹರಿದುಹಾಕಿ, ಯಾವ ಅಳತೆಯ ಪಿಸ್ಟನ್ನು ಹಾಕಿದೆಯೆಂಬುದನ್ನು ಹೇಳದೆ ಮಾರಿದ ಕಾರನ್ನು ಕೊಂಡವನು, ಮುಂದೆ ಎಂದಾದರೂ ಅದನ್ನು ಬಿಚ್ಚಿದಾಗ, ಸಿಲಿಂಡರಿನಲ್ಲಿ ಇನ್ನೆಷ್ಟು ಲೋಹ ಉಳಿದಿದೆಯೆಂಬುದನ್ನು ತಿಳಿಯದೆ ಕುರುಡನಂತೆ ಕೆಲಸ ಮಾಡಿಸಬೇಕಾಗುತ್ತದೆ. ಮಳೆಗಾಲಕ್ಕೆ ಮುಂಚೆ ಮಾಡಿನ ಒಡೆದ ಹಂಚುಗಳನ್ನು ತೆಗೆಸಿ ಹೊಸತು ಹೊದಿಸಿದ ಮನೆಗೆ ಬೆಲೆ ಕಡಿಮೆಯೆಂದು ಮಲೆನಾಡಿನಲ್ಲಿ ಯಾರೂ ಹೇಳುವುದಿಲ್ಲ. ಮೋಟಾರಿನ ವಿಷಯದಲ್ಲಿ ಮಾತ್ರ ಸೋರುವುದೇ ಯೋಗ್ಯತೆಯಾಯಿತೇಕೆ?

ಇದೇ ಮಿಥ್ಯೆಯ ಇನ್ನೊಂದು ಸಂತಾನ ಗುಜರಿ ಎಂಜಿನ್ನಿನ ಮೋಹ. ತನ್ನ ಎಂಜಿನ್ನು ಕೈಕೊಟ್ಟಾಗ ಅದನ್ನು ಬೋರ್ ಮಾಡಿಸುವುದಕ್ಕಿಂತ, ಅಪಘಾತದಲ್ಲಿ ಜಖಂಗೊಂಡ ಯಾವುದೋ ಕಾರಿನ "ಬಿಚ್ಚದ" ಎಂಜಿನ್ನನ್ನು ಗುಜರಿಯಿಂದ ತಂದು ಕೂರಿಸುವುದು ಜಾಣತನವೆಂದು ಹೇಳುವವರು ಎಷ್ಟು ಮಂದಿಯಿಲ್ಲ! ಆ ಎಂಜಿನ್ನು ಎಷ್ಟು ಓಡಿದೆ, ಯಾರ ಕೈಯಲ್ಲಿ ಓಡಿದೆ, ಎಣ್ಣೆಯಿಲ್ಲದೆ ಎಷ್ಟು ದೂರ ಓಡಿದೆ, ಎಷ್ಟು ಬಾರಿ ನೀರು ಬತ್ತಿ ಕಾದಿದೆ, ಇದೊಂದೂ ಗೊತ್ತಿಲ್ಲ. ಗೊತ್ತಿರುವುದು ಅದನ್ನು ಬಿಚ್ಚಿಲ್ಲವೆಂಬುದು ಮಾತ್ರ. ಅದೂ ಮಾರುವವನ ಮಾತಿನ ಮೇಲೆ. ತನ್ನ ಕಣ್ಣೆದುರಿಗೆ ಅಳೆದು, ಕೊರೆದು, ತೊಳೆದು, ಜೋಡಿಸಬಹುದಾದ ತನ್ನದೇ ಎಂಜಿನ್ನನ್ನು ತಿರಸ್ಕರಿಸಿ, ಅಪರಿಚಿತವಾದ ಲೋಹದ ಮುದ್ದೆಯೊಂದನ್ನು ನಂಬುವ ಈ ಬುದ್ಧಿಗೆ ಏನೆನ್ನಬೇಕು? ಇದರ ಮೇಲೆ ಕಾನೂನಿನ ತೊಡಕೂ ಉಂಟು: ನೋಂದಣಿ ಪತ್ರದಲ್ಲಿ ಎಂಜಿನ್ನಿನ ಸಂಖ್ಯೆ ದಾಖಲಾಗಿರುತ್ತದೆ, ಎಂಜಿನ್ನನ್ನು ಬದಲಾಯಿಸಿದವನು ಅದನ್ನು ಆರ್.ಟಿ.ಓ. ಕಚೇರಿಯಲ್ಲಿ ದಾಖಲೆ ಮಾಡಿಸದೆ ಓಡಾಡಿದರೆ ವಿಮೆಯವರ ಮುಂದೆಯೂ ಪೊಲೀಸರ ಮುಂದೆಯೂ ಉತ್ತರ ಹೇಳಬೇಕಾಗುತ್ತದೆ. ತನ್ನದೇ ಬ್ಲಾಕನ್ನು ಬೋರ್ ಮಾಡಿಸಿದವನಿಗೆ ಈ ಭಯವೊಂದೂ ಇಲ್ಲ.

ಪುನರ್ನಿರ್ಮಾಣವು ಕೀಳೆನ್ನುವ ಮಹನೀಯರು ತಾವು ದಿನವೂ ಯಾವುದನ್ನು ನಂಬಿ ಪ್ರಾಣವನ್ನು ಒಪ್ಪಿಸುತ್ತಿದ್ದಾರೆಂಬುದನ್ನು ಒಮ್ಮೆಯಾದರೂ ಯೋಚಿಸಿದ್ದಾರೆಯೆ? ನಮ್ಮ ರಾಜ್ಯ ರಸ್ತೆ ಸಾರಿಗೆಯ ಕೆಂಪು ಬಸ್ಸುಗಳು ಶಿರಾಡಿಯನ್ನೂ ಆಗುಂಬೆಯನ್ನೂ ಏರಿಳಿಯುತ್ತ ಲಕ್ಷಾಂತರ ಕಿಲೋಮೀಟರು ಓಡುವುದು ಒಮ್ಮೆ ಕಟ್ಟಿದ ಎಂಜಿನ್ನಿನಿಂದಲ್ಲ. ಕೆಂಗೇರಿಯಂಥ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ಇಳಿಸಿ, ಬಿಚ್ಚಿ, ಸವೆದುದನ್ನು ತೆಗೆದು, ಪುನಃ ಕಟ್ಟಿದ ಎಂಜಿನ್ನುಗಳಿಂದ. ಲಾರಿಯ ಮಾಲೀಕನಿಗಂತೂ ಎಂಜಿನ್ ಕೆಲಸವೆಂಬುದು ಟೈರು ಹಾಕಿಸುವಷ್ಟೇ ಸಹಜವಾದ ಖರ್ಚು. ಲೈನರನ್ನು, ಅಂದರೆ ಸಿಲಿಂಡರಿನ ಒಳಗವಸನ್ನು, ಬದಲಾಯಿಸಿದ ಲಾರಿಯನ್ನು ಅವನು ಹೆಮ್ಮೆಯಿಂದಲೇ ತೋರಿಸುತ್ತಾನೆ, ಏಕೆಂದರೆ ಅವನ ಅನ್ನ ಆ ಎಂಜಿನ್ನಿನಿಂದ ಬರುತ್ತದೆ. ಆಕಾಶದಲ್ಲಿ ಹಾರುವ ಸಣ್ಣ ತರಬೇತಿ ವಿಮಾನಗಳ ಲೈಕಾಮಿಂಗ್ ಎಂಜಿನ್ನುಗಳಿಗೆ ಸಾಮಾನ್ಯವಾಗಿ 2,000 ಗಂಟೆಗಳ ಅವಧಿಯನ್ನು ತಯಾರಕರು ಗೊತ್ತುಮಾಡಿರುತ್ತಾರೆ. ಅಷ್ಟು ಹಾರಿದ ಮೇಲೆ ಅವು ಓವರ್‌ಹಾಲ್‌ಗೆ ಬರುತ್ತವೆ, ಕಟ್ಟಿಸಿಕೊಂಡು ಮತ್ತೆ ಹಾರುತ್ತವೆ. ಇನ್ನು ಬೆಂಗಳೂರಿಗಂತೂ ಈ ವಿದ್ಯೆಯನ್ನು ಕೀಳೆಂದು ಕರೆಯುವ ಅಧಿಕಾರವೇ ಇಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ 1940ರಲ್ಲಿ ಇಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಸೇನಾ ವಾಯುಪಡೆಯ ಆಡಳಿತಕ್ಕೆ ಬಂದು, ಚೀನಾ-ಬರ್ಮಾ-ಭಾರತ ರಣರಂಗದಲ್ಲಿ ದಣಿದುಬಂದ ವಿಮಾನಗಳನ್ನೂ ಎಂಜಿನ್ನುಗಳನ್ನೂ ಬಿಚ್ಚಿ ಕಟ್ಟುವ ದೊಡ್ಡ ಕೇಂದ್ರವಾಯಿತು. ಇಲ್ಲಿಯ ಕೆಲಸಗಾರರ ಕೈಯಲ್ಲಿ ಪುನಃ ಕಟ್ಟಿದ ಎಂಜಿನ್ನುಗಳನ್ನು ನಂಬಿ ವೈಮಾನಿಕರು ಯುದ್ಧಕ್ಕೆ ಹೋದರು. ಅಂಥ ಊರಿನ ಮಕ್ಕಳು ಇಂದು ಬೋರಿಂಗ್ ಅಂಗಡಿಯ ಬಿಲ್ಲನ್ನು ಕಂಡು ಮುಖ ತಿರುಗಿಸುವುದೆಂದರೆ ಇದಕ್ಕಿಂತ ದೊಡ್ಡ ಮರೆವು ಯಾವುದಿದೆ?

"ಅದೆಲ್ಲ ಸರಿ, ನಮ್ಮ ಮೆಕ್ಯಾನಿಕರು ಕಾರ್ಖಾನೆಯಷ್ಟು ಚೊಕ್ಕಟವಾಗಿ ಕಟ್ಟಲಾರರು" ಎಂಬುದು ಎದುರುವಾದಿಗಳ ಮುಖ್ಯವಾದ ಆಕ್ಷೇಪ. ಕೆಟ್ಟ ಕೆಲಸ ನಡೆಯುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸಿಲಿಂಡರನ್ನು ಅಳೆಯದೆ, ಬೋರ್ ಮಾಡಿಸದೆ, ಅಂಡಾಕಾರವಾಗಿ ಸವೆದ ಗೋಡೆಗೆ ಹೊಸ ರಿಂಗುಗಳನ್ನು ಮಾತ್ರ ತುರುಕಿ "ಎಂಜಿನ್ ಕೆಲಸ ಆಯಿತು" ಎನ್ನುವವರುಂಟು. ವೃತ್ತಾಕಾರದ ರಿಂಗು ಅಂಡಾಕಾರದ ಗೋಡೆಗೆ ಹೇಗೆ ಹೊಂದೀತು? ಹೋನಿಂಗ್, ಅಂದರೆ ಸಾಣೆಕಲ್ಲಿನಿಂದ ಗೋಡೆಯನ್ನು ಉಜ್ಜುವ ಕೆಲಸ, ಆದ ಮೇಲೆ ಸಿಲಿಂಡರಿನ ರಂಧ್ರಗಳಲ್ಲಿ ಉಳಿದ ಸಾಣೆಪುಡಿಯನ್ನು ಸೋಪು ನೀರಿನಲ್ಲಿ ತೊಳೆಯದೆಯೇ ಜೋಡಿಸಿ, ಹೊಸ ರಿಂಗುಗಳನ್ನು ಮೊದಲ ದಿನವೇ ಸವೆಸುವವರುಂಟು. ಟಾರ್ಕ್ ರೆಂಚನ್ನು ಮುಟ್ಟದೆ ಕೈಯಂದಾಜಿನಿಂದ ಹೆಡ್ಡಿನ ಬೋಲ್ಟು ಬಿಗಿಯುವವರುಂಟು. ಆದರೆ ಈ ಕೆಟ್ಟ ಕೆಲಸವನ್ನು ಸಾಕಿದವರು ಯಾರು? ಮಾರುವಾಗ ಬಚ್ಚಿಡಬೇಕಾದ ಕೆಲಸವೆಂದು ಮೊದಲೇ ನಿರ್ಧರಿಸಿದ ಮಾಲೀಕನು ಅದಕ್ಕೆ ಒಳ್ಳೆಯ ಹಣ ಕೊಡುವನೆ? ಅಳತೆಯ ಪಟ್ಟಿ ಕೇಳುವನೆ? ಹೊಗೆ ನಿಂತರೆ ಸಾಕು, ಅಗ್ಗವಾಗಲಿ, ಬೇಗ ಮುಗಿಯಲಿ ಎನ್ನುತ್ತಾನೆ. ಅಗ್ಗದ ಕೆಲಸ ಅಗ್ಗದ ಫಲವನ್ನೇ ಕೊಡುತ್ತದೆ. ಆ ಫಲವನ್ನು ತೋರಿಸಿ "ನೋಡಿದಿರಾ, ಬಿಚ್ಚಿದ್ದು ಮತ್ತೆ ಸರಿಹೋಗುವುದಿಲ್ಲ" ಎಂದು ಸಿದ್ಧಾಂತ ಮಾಡಲಾಗುತ್ತದೆ. ಮಿಥ್ಯೆಯೇ ತನಗೆ ಬೇಕಾದ ಸಾಕ್ಷಿಯನ್ನು ಹೀಗೆ ಸೃಷ್ಟಿಸಿಕೊಳ್ಳುತ್ತದೆ. ಕೆಲವು ವೈದ್ಯರು ತಪ್ಪು ಮಾಡುತ್ತಾರೆಂದು ರೋಗವನ್ನೇ ಆರೋಗ್ಯವೆಂದು ಕರೆದವರು ಲೋಕದಲ್ಲಿ ಎಲ್ಲಾದರೂ ಇದ್ದಾರೆಯೆ?

ಈ ನಡುವೆ ನಾವು ಕಳೆದುಕೊಳ್ಳುತ್ತಿರುವುದು ಒಂದು ವಿದ್ಯೆಯನ್ನು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತಲೂ ಹುಬ್ಬಳ್ಳಿಯಲ್ಲೂ ಮಂಗಳೂರಿನಲ್ಲೂ ಬೋರಿಂಗ್ ಯಂತ್ರದ ಮುಂದೆ ನಿಂತು ಜೀವಮಾನ ಕಳೆದ ಉಸ್ತಾದರಿದ್ದಾರೆ. ಡಯಲ್ ಗೇಜಿನ ಮುಳ್ಳು ಮಿಲಿಮೀಟರಿನ ನೂರನೆಯ ಒಂದು ಪಾಲು ಅಲುಗಿದರೂ ಅದರ ಅರ್ಥವನ್ನು ಓದಬಲ್ಲವರು. ಹೋನಿಂಗ್ ಮಾಡುವಾಗ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳತಕ್ಕ ಅಡ್ಡಗೆರೆಗಳು ಎಷ್ಟು ಓರೆಯಾಗಿ ಬೀಳಬೇಕೆಂಬುದನ್ನು ಕೈಯ ಲಯದಿಂದಲೇ ಬಲ್ಲವರು. ವಾಲ್ವಿಗೂ ಅದರ ಸೀಟಿಗೂ ನಡುವೆ ಬೆಳಕಿನ ಎಳೆಯೂ ತೂರದಂತೆ ಕೂರಿಸಬಲ್ಲವರು. ಅವರ ಮಕ್ಕಳು ಈ ಕಸುಬಿಗೆ ಬರಲೊಲ್ಲರು. ಬಂದರೂ ಕಲಿಯತಕ್ಕಷ್ಟು ಕೆಲಸ ಅಂಗಡಿಗೆ ಬರುವುದಿಲ್ಲ. ಐ.ಟಿ.ಐ.ಗಳಲ್ಲಿ ಮೋಟಾರ್ ಮೆಕ್ಯಾನಿಕ್ ತರಬೇತಿ ಪಡೆದು ಬಂದ ಹುಡುಗನು ಸರ್ವಿಸ್ ಕೇಂದ್ರಗಳಲ್ಲಿ ಕಲಿಯುವುದೇನು? ಎಣ್ಣೆ ಬದಲಾಯಿಸುವುದು, ಫಿಲ್ಟರ್ ಬದಲಾಯಿಸುವುದು, ಭಾಗ ಕೆಟ್ಟರೆ ಇಡಿಯ ಭಾಗವನ್ನೇ ಬದಲಾಯಿಸುವುದು. ಸವೆತವನ್ನು ಅಳೆದು ತೀರ್ಪು ಕೊಡುವ ವಿವೇಚನೆ ಅವನಿಗೆ ಯಾರಿಂದ ಬಂದೀತು?

ಇದರಲ್ಲಿ ಕಾರು ತಯಾರಕರ ಪಾಲೂ ಚಿಕ್ಕದಲ್ಲ. ಹಿಂದಿನವರು ಕೊರೆಯಲು ಲೋಹವನ್ನು ಉಳಿಸಿದರೆ, ಈಗಿನ ಹಲವು ಅಲ್ಯುಮಿನಿಯಮ್ ಎಂಜಿನ್ನುಗಳಿಗೆ ದೊಡ್ಡ ಅಳತೆಯ ಪಿಸ್ಟನ್ನನ್ನೇ ಒದಗಿಸದೆ, "ಹಾಫ್ ಎಂಜಿನ್ ಹಾಕಿಸಿ", ಅಂದರೆ ಬ್ಲಾಕು, ಕ್ರ್ಯಾಂಕು, ಪಿಸ್ಟನ್ನುಗಳು ಕೂಡಿದ ಕೆಳಭಾಗವನ್ನೇ ಬದಲಾಯಿಸಿ, ಎಂದು ದೊಡ್ಡ ಅಂದಾಜುಪಟ್ಟಿಯನ್ನು ಕೈಗಿಡುವ ಪದ್ಧತಿ ಬೆಳೆದುಬಿಟ್ಟಿದೆ. ಆ ಪಟ್ಟಿಯನ್ನು ಕಂಡು ಬೆಚ್ಚಿದ ಮಾಲೀಕನು ಕಾರನ್ನೇ ಮಾರಿ ಹೊಸತಕ್ಕೆ ಸಾಲ ಮಾಡುತ್ತಾನೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯನ್ನು ನೇಮಿಸಿ, ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಆದರೆ ದುರಸ್ತಿಯಾದ ವಸ್ತುವನ್ನು ಕೀಳೆಂದು ತಿಳಿಯುವ ಜನ ಆ ಹಕ್ಕನ್ನು ಕೇಳುವ ಧ್ವನಿಯನ್ನಾದರೂ ಎಲ್ಲಿಂದ ತಂದಾರು?

ಸರ್ಕಾರದ ದೃಷ್ಟಿಯೂ ಇದೇ ರೋಗದಿಂದ ಮಸುಕಾಗಿದೆ. ಅದು ಎಣಿಸುವುದು ವರ್ಷಗಳನ್ನು, ಅಳೆಯಬೇಕಾದುದನ್ನು ಅಳೆಯುವುದಿಲ್ಲ. ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಎಂಜಿನ್ನನ್ನು ಪುನಃ ಕಟ್ಟಿಸಿ ಹೊಗೆಯಿಲ್ಲದಂತೆ ಮಾಡಿದವನೂ, ಎಣ್ಣೆ ಕುಡಿಸುತ್ತ ಓಡಿಸುವವನೂ ತೆರುವ ಶುಲ್ಕ ಒಂದೇ. ಹೊಗೆ ತಪಾಸಣೆಯ ಕೇಂದ್ರದಲ್ಲಿ ಪೆಟ್ರೋಲ್ ಕಾರಿನ ಇಂಗಾಲದ ಮಾನಾಕ್ಸೈಡನ್ನೂ ಹೈಡ್ರೋಕಾರ್ಬನ್ನನ್ನೂ ಎಂಜಿನ್ನು ಸುಮ್ಮನೆ ನಿಂತಲ್ಲೇ ತಿರುಗುತ್ತಿರುವಾಗ ನೋಡುತ್ತಾರೆ. ಹೊಗೆಯ ಸಾಂದ್ರತೆಯನ್ನು ಅಳೆಯುವುದು ಡೀಸೆಲ್ಲಿಗೆ ಮಾತ್ರ. ಹೀಗಾಗಿ ಏರಿನಲ್ಲಿ ನೀಲಿ ಹೊಗೆಯ ತೆರೆ ಎಳೆಯುವ ಪೆಟ್ರೋಲ್ ಕಾರಿಗೂ ಶುಚಿತ್ವದ ಚೀಟಿ ದೊರೆಯಲು ದಾರಿಯಿದೆ. ಉರಿದ ಎಣ್ಣೆಯಲ್ಲಿರುವ ರಂಜಕವು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕ್ರಮೇಣ ನಿಷ್ಫಲಗೊಳಿಸುತ್ತದೆಂಬುದನ್ನೂ ಇದಕ್ಕೆ ಸೇರಿಸಿ ನೋಡಿದರೆ, ಬಿಚ್ಚದ ಎಂಜಿನ್ನಿನ ಮೇಲಣ ಈ ಭಕ್ತಿಗೆ ಶಾಲೆಯ ಮುಂದೆ ಬಸ್ಸಿಗೆ ಕಾಯುತ್ತ ನಿಂತ ಮಕ್ಕಳ ಶ್ವಾಸಕೋಶಗಳು ಬೆಲೆ ತೆರುತ್ತಿವೆಯೆಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಹೊಗೆ ಕಂಡ ಕೂಡಲೇ ಎಂಜಿನ್ನನ್ನು ಇಳಿಸಬೇಕೆಂದು ನಾನು ಹೇಳುತ್ತಿಲ್ಲ. ಅಳೆಯದೆ ಬಿಚ್ಚುವುದೂ ಅಳೆಯದೆ ಬಿಡುವುದರಷ್ಟೇ ಅವಿಚಾರ. ಪ್ಲಗ್ಗಿನ ರಂಧ್ರಕ್ಕೆ ಗೇಜು ಹಾಕಿ ಕಂಪ್ರೆಷನ್ ನೋಡಲು ಒಂದು ಗಂಟೆಯೂ ಬೇಡ. ಸುಸ್ಥಿತಿಯ ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಚದರ ಅಂಗುಲಕ್ಕೆ 150ರಿಂದ 180 ಪೌಂಡಿನವರೆಗೆ, ಎಲ್ಲ ಸಿಲಿಂಡರುಗಳಲ್ಲೂ ಹೆಚ್ಚುಕಡಿಮೆ ಸಮನಾಗಿ, ಒತ್ತಡ ತೋರಬೇಕು. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಪುನಃ ನೋಡಿದಾಗ ಒತ್ತಡ ಏರಿದರೆ ದೋಷ ರಿಂಗು-ಬೋರಿನಲ್ಲಿದೆ, ಏರದಿದ್ದರೆ ಬಹುಮಟ್ಟಿಗೆ ವಾಲ್ವಿನಲ್ಲಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ತುಳಿದಾಗ ಮಾತ್ರ ನೀಲಿ ಹೊಗೆ ಬಂದರೆ ಅದು ಬಹುಮಟ್ಟಿಗೆ ವಾಲ್ವಿನ ಆಯಿಲ್ ಸೀಲಿನ ದೋಷ. ಅದಕ್ಕೆ ಇಡೀ ಎಂಜಿನ್ನನ್ನು ಬಿಚ್ಚುವ ಅಗತ್ಯವೇ ಇಲ್ಲ. ಇಷ್ಟು ಸುಲಭವಾದ ಪರೀಕ್ಷೆ ಕೈಯಲ್ಲಿರುವಾಗ ದಲ್ಲಾಳಿಯ ಪ್ರಮಾಣವಚನವನ್ನು ನಂಬಿ ಲಕ್ಷಗಟ್ಟಲೆ ಹಣ ಎಣಿಸುವುದು ವಿದ್ಯಾವಂತರಿಗೆ ಶೋಭಿಸುವ ನಡತೆಯೆ?

ಮಾಲೀಕರೇ, ಎಂಜಿನ್ನನ್ನು ಅಳೆಯಿಸಿ. ಅಳತೆ ಹೇಳಿದರೆ ತಡಮಾಡದೆ ಬಿಚ್ಚಿಸಿ. 0.25ರಲ್ಲಿ ಮುಗಿಯುವ ಕೆಲಸವನ್ನು 0.50ಕ್ಕೂ, ಅಲ್ಲಿಂದ ಲೈನರಿಗೂ, ಅಲ್ಲಿಂದ ಗುಜರಿಗೂ ತಳ್ಳಬೇಡಿ. ಬೋರಿನ ಅಳತೆ, ಪಿಸ್ಟನ್ನಿನ ಸೈಜು, ಬೇರಿಂಗಿನ ಸೈಜು, ಕೆಲಸ ಮಾಡಿದ ಅಂಗಡಿಯ ಹೆಸರು, ತಾರೀಕು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿ ನೋಂದಣಿ ಪತ್ರದ ಜೊತೆಗೆ ಇಡಿ. ಮಾರುವಾಗ ಆ ಹಾಳೆಯನ್ನು ಮೊದಲು ತೋರಿಸಿ, ಅದಕ್ಕೆ ಬೆಲೆಯನ್ನು ಹೆಚ್ಚಾಗಿಯೇ ಕೇಳಿ. ತಯಾರಕರೇ, ನೀವು ಮಾರುವ ಪ್ರತಿಯೊಂದು ಎಂಜಿನ್ನಿಗೂ ಸವೆತದ ಮಿತಿಯನ್ನು ಜನರಿಗೆ ತಿಳಿಯುವಂತೆ ಪ್ರಕಟಿಸಿ, ಓವರ್‌ಸೈಜ್ ಪಿಸ್ಟನ್ನನ್ನೋ ಲೈನರನ್ನೋ ಒದಗಿಸಿ. ಸರ್ಕಾರವು ನವೀಕರಣದ ಪರೀಕ್ಷೆಯಲ್ಲಿ ಕಂಪ್ರೆಷನ್ನನ್ನೂ ಏರಿನ ಹೊಗೆಯನ್ನೂ ಅಳೆಯಲಿ, ಕಟ್ಟಿಸಿದ ಎಂಜಿನ್ನಿನ ದಾಖಲೆ ತಂದವನ ಶುಲ್ಕವನ್ನು ಇಳಿಸಲಿ, ಐ.ಟಿ.ಐ.ಗಳಿಗೆ ಬೋರಿಂಗ್ ಯಂತ್ರವನ್ನೂ ಅದನ್ನು ಕಲಿಸಬಲ್ಲ ಉಸ್ತಾದರನ್ನೂ, ಅವರಿಗೆ ಪದವಿಯಿಲ್ಲವೆಂಬ ನೆವ ಹೇಳದೆ, ಗೌರವದ ಸಂಬಳ ಕೊಟ್ಟು ಕರೆತರಲಿ. ಇನ್ನು ಕೊಳ್ಳುವವರಾದ ನೀವು, "ಎಂಜಿನ್ ಬಿಚ್ಚಿಲ್ಲ ಸಾರ್" ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಗೇಜು ತರಿಸಿ. ಮೂರು ಸಿಲಿಂಡರಿದ್ದರೆ ಮೂರು, ನಾಲ್ಕಿದ್ದರೆ ನಾಲ್ಕು ಅಂಕಿಗಳನ್ನು ನಿಮ್ಮ ಕಣ್ಣೆದುರಿಗೇ ಕಾಗದದ ಮೇಲೆ ಬರೆಸಿಕೊಳ್ಳಿ. ಅಳೆಯಲು ಒಪ್ಪದವನ ಕಾರು ಎಷ್ಟೇ ಹೊಳೆಯುತ್ತಿರಲಿ, ಮುಂಗಡ ಕೊಡದೆ ಅಲ್ಲಿಂದ ಎದ್ದುಬನ್ನಿ.